ವೇಯ್ನ್ ವೀಲರ್ ಮತ್ತು ಒತ್ತಡದ ರಾಜಕೀಯ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಚುನಾವಣೆಯಲ್ಲಿ ಗೆದ್ದವರು ಆಳುತ್ತಾರೆ, ಸೋತವರು ಮುಂದಿನ ಚುನಾವಣೆಗಾಗಿ ಕಾಯುತ್ತಾರೆ. ಪ್ರಜಾಪ್ರಭುತ್ವವೆಂದರೆ ಇಷ್ಟೇ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ರಾಜ್ಯಶಾಸ್ತ್ರದ ತರಗತಿಯಲ್ಲಿ ಒತ್ತಡದ ಗುಂಪುಗಳು ಎಂಬ ವಿಷಯ ಬಂದಾಗ, ಅದನ್ನು ಪರೀಕ್ಷೆಯಲ್ಲಿ ಬರಬಹುದಾದ ಒಂದು ಕಿರು ಟಿಪ್ಪಣಿಯೆಂದು ಭಾವಿಸಿ ಮುಂದಕ್ಕೆ ಹೋಗುವುದೇ ನಮ್ಮ ವಾಡಿಕೆ. ಆದರೆ ಈ ಕಿರು ಟಿಪ್ಪಣಿಯ ಹಿಂದೆ ಒಬ್ಬ ಮನುಷ್ಯನ ಇಡೀ ಜೀವನವೇ ಅಡಗಿದೆ. ಆತನು ಎಂದೂ ಚುನಾವಣೆಗೆ ನಿಂತವನಲ್ಲ, ಮಂತ್ರಿಯಾದವನಲ್ಲ, ಶಾಸನಸಭೆಯಲ್ಲಿ ಒಂದು ದಿನವೂ ಸದಸ್ಯನಾಗಿ ಕುಳಿತವನಲ್ಲ. ಆದರೂ ಅಮೆರಿಕಾ ಸಂಯುಕ್ತ ಸಂಸ್ಥಾನದ ರಾಜ್ಯಾಂಗಕ್ಕೆ ಒಂದು ತಿದ್ದುಪಡಿಯನ್ನು ತರಿಸಿದನು. ಶಾಸಕರನ್ನು ಎತ್ತಿ ಕೂರಿಸಿದನು, ಇಳಿಸಿ ಮನೆಗೆ ಕಳುಹಿಸಿದನು. ಆತನ ಹೆಸರು ವೇಯ್ನ್ ಬಿಡ್‌ವೆಲ್ ವೀಲರ್. ಆತನ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವುದು ಈ ಲೇಖನದ ಉದ್ದೇಶ.

ವೀಲರನು 1869ರ ನವೆಂಬರ್ 10ರಂದು ಒಹಾಯೋ ಸಂಸ್ಥಾನದ ಬ್ರೂಕ್‌ಫೀಲ್ಡ್ ಎಂಬಲ್ಲಿ ಒಂದು ರೈತ ಕುಟುಂಬದಲ್ಲಿ ಹುಟ್ಟಿದನು. ಬಾಲ್ಯದಲ್ಲಿ ನಡೆದ ಒಂದು ಘಟನೆಯನ್ನು ಆತನು ಮುಂದೆ ಸಭೆಗಳಲ್ಲಿ ಅನೇಕ ಬಾರಿ ಹೇಳುತ್ತಿದ್ದುದುಂಟು. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಆಳೊಬ್ಬನು ಕುಡಿದ ಅಮಲಿನಲ್ಲಿ, ಹುಲ್ಲು ಎತ್ತುವ ಮೊನೆಯುಳ್ಳ ಕವೆಗೋಲಿನಿಂದ ಬಾಲಕನ ಕಾಲಿಗೆ ಚುಚ್ಚಿಬಿಟ್ಟನಂತೆ. ಮದ್ಯದ ಮೇಲಿನ ಹಗೆ ಅಂದೇ ಮನಸ್ಸಿನಲ್ಲಿ ಬೇರೂರಿತೆಂದು ಆತನು ಹೇಳಿಕೊಳ್ಳುತ್ತಿದ್ದನು. ಒಂದು ಗಾಯದಿಂದ ಇಡೀ ಜೀವನದ ಗುರಿ ಹುಟ್ಟಿತೆಂದು ನಂಬುವುದು ಕಷ್ಟವಾದರೂ, ಕುಡಿತದ ಕೆಡುಕನ್ನು ಆತನು ಪುಸ್ತಕದಿಂದ ಕಲಿಯಲಿಲ್ಲ ಎಂಬುದಂತೂ ನಿಜ.

ಮನೆಯಲ್ಲಿ ಹಣಕ್ಕೆ ಅನುಕೂಲವಿರಲಿಲ್ಲ. ಆತನು ಮೊದಲು ಶಾಲಾ ಉಪಾಧ್ಯಾಯನಾಗಿ ದುಡಿದು ಸ್ವಲ್ಪ ಹಣ ಕೂಡಿಸಿ, ಬಳಿಕ ಅದೇ ಸಂಸ್ಥಾನದ ಓಬರ್ಲಿನ್ ಕಾಲೇಜನ್ನು ಸೇರಿದನು. ಅಲ್ಲಿ ಊಟದ ಮನೆಯಲ್ಲಿ ಬಡಿಸಿಯೂ, ವಿದ್ಯಾರ್ಥಿನಿಲಯದ ಕೊಠಡಿಗಳನ್ನು ಗುಡಿಸಿಯೂ ತನ್ನ ಖರ್ಚನ್ನು ತಾನೇ ಸಂಪಾದಿಸಿಕೊಂಡು 1894ರಲ್ಲಿ ಪದವೀಧರನಾದನು. ಕೂಲಿ ಮಾಡುತ್ತ ಓದಿದವರ ಕಷ್ಟವೇನೆಂಬುದು ನಮ್ಮ ಕಾಲೇಜಿನಲ್ಲಿ ಬಹುಮಂದಿಗೆ ಗೊತ್ತಿರುವುದರಿಂದ ಅದನ್ನು ಬೆಳೆಸಿ ಹೇಳಬೇಕಾಗಿಲ್ಲ. ಗಿಡ್ಡ ಆಳು, ಕಣ್ಣಿಗೆ ಕನ್ನಡಕ, ಒಪ್ಪವಾದ ಮೀಸೆ. ನೋಡುವವರಿಗೆ ಯಾವುದೋ ಕಛೇರಿಯ ಗುಮಾಸ್ತನಂತೆ ಕಾಣುತ್ತಿದ್ದನು. ಆದರೆ ಆತನ ದುಡಿಮೆಯ ಶಕ್ತಿಗೆ ಎಣೆಯಿರಲಿಲ್ಲ.

ಆ ಕಾಲದ ಅಮೆರಿಕೆಯಲ್ಲಿ ಮದ್ಯದ ಸಮಸ್ಯೆ ಸಣ್ಣದಾಗಿರಲಿಲ್ಲ. ನಮ್ಮಲ್ಲಿ ಸಲೂನು ಎಂದರೆ ಕ್ಷೌರದ ಅಂಗಡಿ; ಅಲ್ಲಿ ಸಲೂನು ಎಂದರೆ ಪಾನಗೃಹ. 1870ರಲ್ಲಿ ಸುಮಾರು 1 ಲಕ್ಷದಷ್ಟಿದ್ದ ಪಾನಗೃಹಗಳು 1900ರ ಹೊತ್ತಿಗೆ 3 ಲಕ್ಷದ ಸಮೀಪಕ್ಕೆ ಬೆಳೆದಿದ್ದವು. ಇವುಗಳಲ್ಲಿ ಅನೇಕವು ದೊಡ್ಡ ಬಿಯರ್ ತಯಾರಕರ ಹಿಡಿತದಲ್ಲಿದ್ದವು. ವಾರದ ಕೂಲಿ ಮನೆಗೆ ಬರುವ ಮೊದಲೇ ಪಾನಗೃಹದ ಪಾಲಾಗುತ್ತಿತ್ತು. ಹೆಂಡತಿಗೆ ಸ್ವಂತ ಸಂಪಾದನೆ ಕಡಮೆ, ಮತದಾನದ ಹಕ್ಕು ಬಹುಪಾಲು ಕಡೆಗಳಲ್ಲಿ ಇಲ್ಲ. ಆದುದರಿಂದಲೇ ಮದ್ಯದ ವಿರುದ್ಧ ಮೊದಲು ಬೀದಿಗಿಳಿದವರಲ್ಲಿ ಹೆಂಗಸರು ಹೆಚ್ಚು. 1874ರಲ್ಲಿ ಸ್ಥಾಪಿತವಾದ ಕ್ರೈಸ್ತ ಮಹಿಳಾ ಪಾನಸಂಯಮ ಸಂಘವು ಫ್ರಾನ್ಸಿಸ್ ವಿಲ್ಲರ್ಡ್ ಎಂಬ ಮಹಿಳೆಯ ನೇತೃತ್ವದಲ್ಲಿ ದೇಶವ್ಯಾಪಿಯಾಗಿ ಬೆಳೆಯಿತು. ಇನ್ನೊಂದು ಕಡೆ, ಪಾನಗೃಹಗಳು ನಗರದ ರಾಜಕೀಯ ಮುಖಂಡರ ಅಡ್ಡೆಗಳೂ ಆಗಿದ್ದವು. ಮತಗಳ ಲೆಕ್ಕ ಅಲ್ಲಿಯೇ ನಡೆಯುತ್ತಿತ್ತು. ಮದ್ಯದ ಉದ್ಯಮಿಗಳು ತಮ್ಮ ಹಿತವನ್ನು ಕಾಯಲು ಶಾಸಕರ ಬಾಗಿಲಿಗೆ ವೀಲರನಿಗಿಂತ ಎಷ್ಟೋ ಮೊದಲೇ ಹೋಗಿದ್ದರೆಂಬುದನ್ನು ಮರೆಯಬಾರದು.

ವೀಲರನು ಹುಟ್ಟಿದ 1869ನೆಯ ಇಸವಿಯಲ್ಲಿಯೇ ಪಾನನಿರೋಧ ಪಕ್ಷ ಎಂಬ ರಾಜಕೀಯ ಪಕ್ಷವೊಂದು ಹುಟ್ಟಿತ್ತು. ಅದು ತನ್ನದೇ ಅಭ್ಯರ್ಥಿಗಳನ್ನು ನಿಲ್ಲಿಸಿ, ಬಹುತೇಕ ಚುನಾವಣೆಗಳಲ್ಲಿ ಸೋಲುತ್ತ ಬಂದಿತು. ರಾಷ್ಟ್ರಾಧ್ಯಕ್ಷನ ಚುನಾವಣೆಯಲ್ಲಿ ಅದಕ್ಕೆ ಅತ್ಯಂತ ಹೆಚ್ಚಿನ ಪಾಲು ಬಂದುದು 1892ರಲ್ಲಿ. ಆಗಲೂ ಸಿಕ್ಕಿದ್ದು ನೂರಕ್ಕೆ ಎರಡು ಮತಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮರುವರ್ಷ, ಎಂದರೆ 1893ರಲ್ಲಿ, ಓಬರ್ಲಿನ್ ಊರಿನಲ್ಲಿ ಹವರ್ಡ್ ಹೈಡ್ ರಸೆಲ್ ಎಂಬ ಪಾದ್ರಿಯು ಹೊಸದೊಂದು ಸಂಸ್ಥೆಯನ್ನು ಕಟ್ಟಿದನು. ಅದರ ಹೆಸರು ಆಂಟಿ-ಸಲೂನ್ ಲೀಗ್; ಪಾನಗೃಹ ವಿರೋಧಿ ಸಂಘ ಎಂದರೆ ನಮಗೆ ಅರ್ಥವಾದೀತು. ಈ ಸಂಘವು ತಾನು ಪಕ್ಷವಾಗುವುದಿಲ್ಲವೆಂದು ನಿಶ್ಚಯಿಸಿತು. ಇರುವ ಎರಡು ಪಕ್ಷಗಳಲ್ಲಿ ಯಾವನು ಪಾನನಿರೋಧಕ್ಕೆ ಮತ ಕೊಡಲು ಒಪ್ಪುತ್ತಾನೋ ಅವನನ್ನು ಬೆಂಬಲಿಸುವುದು, ಒಪ್ಪದವನನ್ನು ಸೋಲಿಸುವುದು. ಇದೇ ಅದರ ಕಾರ್ಯಕ್ರಮ. ರಸೆಲ್ಲನು ತನ್ನ ಕೆಲಸಕ್ಕೆ ಆರಿಸಿಕೊಂಡ ಮೊದಲ ತರುಣರಲ್ಲಿ ವೀಲರನೊಬ್ಬನು.

ಈ ವಿಧಾನದ ಗುಟ್ಟನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ನೂರು ಮಂದಿ ಮತದಾರರಿರುವ ಒಂದು ಕ್ಷೇತ್ರವನ್ನು ಊಹಿಸಿಕೊಳ್ಳೋಣ. ಅದರಲ್ಲಿ 46 ಮಂದಿ ಒಂದು ಪಕ್ಷದವರು, 46 ಮಂದಿ ಇನ್ನೊಂದು ಪಕ್ಷದವರು. ಉಳಿದ 8 ಮಂದಿಗೆ ಸುಂಕ ಬೇಡ, ರೈಲ್ವೆ ಬೇಡ, ವಿದೇಶಾಂಗ ನೀತಿ ಬೇಡ; ಅವರು ಕೇಳುವುದು ಒಂದೇ ಪ್ರಶ್ನೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವನಿಗೆ ಎಂಟು ಮತಗಳೂ ಒಟ್ಟಾಗಿ ಹೋಗುತ್ತವೆ. ಆಗ 92 ಮಂದಿ ಸೇರಿ ಇತ್ಯರ್ಥ ಮಾಡಲಾರದುದನ್ನು 8 ಮಂದಿ ಇತ್ಯರ್ಥ ಮಾಡಿಬಿಡುತ್ತಾರೆ. ಎರಡು ಪಕ್ಷಗಳು ಸಮಬಲದಲ್ಲಿರುವ ದೇಶದಲ್ಲಿ ಈ ಸಣ್ಣ ಗುಂಪೇ ತಕ್ಕಡಿಯ ಮುಳ್ಳು. ವೀಲರನು ಬಹುಮತವನ್ನು ಹುಡುಕಿಕೊಂಡು ಹೋಗಲಿಲ್ಲ. ಈ ಎಂಟು ಮಂದಿಯನ್ನು ಒಟ್ಟಿಗೆ ಹಿಡಿದಿಟ್ಟನು. ಅವರು ಅವನಿಗೆ ಸಿಕ್ಕಿದ್ದು ಪ್ರಾಟೆಸ್ಟಂಟ್ ಚರ್ಚುಗಳಲ್ಲಿ. ಭಾನುವಾರದ ಪ್ರಾರ್ಥನೆಗೆ ತಪ್ಪದೆ ಬರುವವರು ಚುನಾವಣೆಯ ದಿನವೂ ತಪ್ಪದೆ ಬರುತ್ತಾರೆಂಬುದು ಆ ಸಂಘದ ಅನುಭವವಾಗಿತ್ತು.

ಮೊದಲ ಪ್ರಯೋಗ ನಡೆದುದು ಹೀಗೆ. ಊರೂರಿಗೂ ಪಾನಗೃಹಗಳನ್ನು ಮುಚ್ಚುವ ಹಕ್ಕನ್ನು ಕೊಡುವ ಮಸೂದೆಗೆ ವಿರೋಧವಾಗಿ ಮತ ಹಾಕಿದ್ದ ಲಾಕ್ ಎಂಬ ಶಾಸಕನನ್ನು ಸೋಲಿಸುವ ಕೆಲಸ ವೀಲರನ ಪಾಲಿಗೆ ಬಂದಿತು. ಆಗಷ್ಟೇ ಬಳಕೆಗೆ ಬಂದಿದ್ದ ಬೈಸಿಕಲ್ಲನ್ನೇರಿ ಆತನು ಹಳ್ಳಿಹಳ್ಳಿಗೂ ಹೋದನು. ಪಾದ್ರಿಗಳನ್ನು ಕಂಡನು, ರೈತರನ್ನು ಕಂಡನು, ಎದುರು ನಿಲ್ಲಲು ಒಬ್ಬ ವರ್ತಕನನ್ನು ಒಪ್ಪಿಸಿದನು. ಲಾಕ್ ಸೋತನು. ಕೆಲಸದ ನಡುವೆಯೇ ವೀಲರನು ಕಾನೂನು ವ್ಯಾಸಂಗ ಮಾಡಿ 1898ರಲ್ಲಿ ವಕೀಲನಾದನು. ಕೆಲವೇ ವರ್ಷಗಳಲ್ಲಿ ಒಹಾಯೋ ಶಾಖೆಯ ಮುಖ್ಯಸ್ಥನೂ ಆದನು.

ಆತನ ಹೆಸರು ದೇಶಕ್ಕೆಲ್ಲ ಗೊತ್ತಾದುದು 1905ರ ಚುನಾವಣೆಯಿಂದ. ಅಮೆರಿಕೆಯಲ್ಲಿ ಗವರ್ನರನನ್ನು ಜನರೇ ಚುನಾಯಿಸುತ್ತಾರೆ. ಒಹಾಯೋದ ಗವರ್ನರ್ ಮೈರನ್ ಹೆರಿಕ್ ಎಂಬುವನು ಸಿರಿವಂತ ಬ್ಯಾಂಕರು, ರಿಪಬ್ಲಿಕನ್ ಪಕ್ಷದ ದೊಡ್ಡ ಮುಖಂಡರ ಗೆಳೆಯ. 1903ರಲ್ಲಿ 1 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದವನು. ಲೀಗಿಗೆ ಬೇಕಾಗಿದ್ದ ಮಸೂದೆಯೊಂದನ್ನು ಆತನು ಪಟ್ಟುಹಿಡಿದು ಸಡಿಲಗೊಳಿಸಿದನು. ವೀಲರನು ಸುಮ್ಮನಿರಲಿಲ್ಲ. ತನ್ನ ಬೆಂಬಲಿಗರಲ್ಲಿ ಬಹುಮಂದಿ ರಿಪಬ್ಲಿಕನ್ನರಾಗಿದ್ದರೂ, ಡೆಮಾಕ್ರಾಟಿಕ್ ಅಭ್ಯರ್ಥಿ ಜಾನ್ ಪ್ಯಾಟಿಸನ್ನನ ಪರವಾಗಿ ಸಂಸ್ಥಾನದಾದ್ಯಂತ ಸಭೆಗಳನ್ನು ನಡೆಸಿದನು. ಕರಪತ್ರಗಳನ್ನು ಮಳೆಯಂತೆ ಸುರಿಸಿದನು. ಹೆರಿಕ್ 40 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತನು. ವಿಶೇಷವೇನೆಂದರೆ, ಅದೇ ಮತಪತ್ರದಲ್ಲಿದ್ದ ಆ ಪಕ್ಷದ ಇತರ ಅಭ್ಯರ್ಥಿಗಳೆಲ್ಲ ಗೆದ್ದರು. ಮತದಾರರು ಆರಿಸಿ, ಹುಡುಕಿ, ಒಬ್ಬನನ್ನು ಮಾತ್ರ ಇಳಿಸಿದ್ದರು. ಅಂದಿನಿಂದ ಪ್ರತಿ ಸಂಸ್ಥಾನದ ಶಾಸಕನಿಗೂ ಹೆರಿಕ್ಕನ ಗತಿ ಕಣ್ಣಮುಂದೆ ಕಟ್ಟಿದಂತಿರುತ್ತಿತ್ತು.

ಲಾಬಿ ಎಂಬ ಮಾತಿಗೆ ಶಾಸನಸಭೆಯ ಹೊರಗಿನ ಮೊಗಸಾಲೆ ಎಂದು ಅರ್ಥ. ಅಲ್ಲಿ ನಿಂತು ಸದಸ್ಯರನ್ನು ಕಂಡು ಮಾತನಾಡಿ ಕೆಲಸ ಮಾಡಿಸಿಕೊಳ್ಳುವುದು ಲಾಬಿ ಮಾಡುವುದೆನಿಸಿತು. ಅದು ಗುಟ್ಟಿನಲ್ಲಿ ಹಣ ಕೊಡುವ ವ್ಯವಹಾರವೆಂಬ ಕೆಟ್ಟ ಹೆಸರು ಬಹುಕಾಲದಿಂದ ಇತ್ತು. ವೀಲರನ ದಾರಿ ಬೇರೆ. ಆತನ ಲೀಗಿಗೂ ಸಿರಿವಂತರ ದೇಣಿಗೆ ಬರುತ್ತಿತ್ತು. ರಾಕ್‌ಫೆಲ್ಲರ್ ಮನೆತನವೂ ಕೊಟ್ಟದ್ದುಂಟು. ಆದರೆ ಅದರ ಬೊಕ್ಕಸ ಮುಖ್ಯವಾಗಿ ತುಂಬುತ್ತಿದ್ದುದು ಚರ್ಚುಗಳಲ್ಲಿ ಸಾಮಾನ್ಯ ಜನರು ಬರೆದುಕೊಡುತ್ತಿದ್ದ ಸಣ್ಣ ವಂತಿಗೆಗಳಿಂದ. 1909ರಿಂದ ಒಹಾಯೋದ ವೆಸ್ಟರ್‌ವಿಲ್ ಎಂಬ ಸಣ್ಣ ಊರಿನಲ್ಲಿ ಲೀಗಿನ ಸ್ವಂತ ಮುದ್ರಣಾಲಯ ನಡೆಯಿತು. ಅಲ್ಲಿಂದ ತಿಂಗಳಿಗೆ 40 ಟನ್ನುಗಳಷ್ಟು ಪತ್ರಿಕೆ, ಕರಪತ್ರಗಳು ಹೊರಬೀಳುತ್ತಿದ್ದವು. ಒಬ್ಬ ಶಾಸಕನು ಅನುಮಾನಿಸುತ್ತಿದ್ದಾನೆಂದು ತಿಳಿದರೆ ಸಾಕು, ಅವನ ಕ್ಷೇತ್ರದಿಂದಲೇ ತಂತಿಗಳು, ಪತ್ರಗಳು ರಾಶಿರಾಶಿಯಾಗಿ ಬಂದು ಬೀಳುತ್ತಿದ್ದವು. ವೀಲರನು ಶಾಸಕನ ಜೇಬನ್ನು ಮುಟ್ಟಲಿಲ್ಲ. ಅವನ ಭಯವನ್ನು ಮುಟ್ಟಿದನು.

ಶಾಸಕನ ಸ್ವಂತ ನಡತೆಯನ್ನು ಲೀಗು ವಿಚಾರಿಸುತ್ತಿರಲಿಲ್ಲ. ಮನೆಯಲ್ಲಿ ಕುಡಿಯುವವನಾದರೂ ಸಭೆಯಲ್ಲಿ ಪಾನನಿರೋಧಕ್ಕೆ ಮತ ಕೊಟ್ಟರೆ ಆತನು ಸ್ನೇಹಿತ; ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವನಾದರೂ ವಿರುದ್ಧ ಮತ ಕೊಟ್ಟರೆ ಶತ್ರು. ಒಹಾಯೋದಿಂದಲೇ ಬಂದು ಮುಂದೆ ರಾಷ್ಟ್ರಾಧ್ಯಕ್ಷನಾದ ವಾರನ್ ಹಾರ್ಡಿಂಗ್ ಮದ್ಯಪ್ರಿಯ. ಆದರೂ ಸೆನೆಟಿನಲ್ಲಿ ಆತನ ಮತ ವೀಲರನ ಕಡೆಗೆ ಬಿದ್ದಿತು. ನೀತಿಗಾಗಿ ಹುಟ್ಟಿದ ಸಂಘವು ಹೀಗೆ ಕಪಟಕ್ಕೆ ಆಶ್ರಯ ಕೊಟ್ಟಿತು ಎಂಬುದು ಇಲ್ಲಿ ವಿಚಾರ ಮಾಡತಕ್ಕ ಅಂಶ. ಸ್ತ್ರೀಯರ ಮತದಾನಕ್ಕಾಗಿ ಹೋರಾಡುವವರು, ಸುಧಾರಣಾವಾದಿಗಳು ಒಂದು ಕಡೆ. ವಲಸೆ ಬಂದವರನ್ನು ದ್ವೇಷಿಸುವವರು, ದಕ್ಷಿಣದಲ್ಲಿ ನೀಗ್ರೋ ಜನರ ಹಕ್ಕುಗಳನ್ನು ತುಳಿದವರು ಇನ್ನೊಂದು ಕಡೆ. ಎಲ್ಲರೂ ಈ ಒಂದು ವಿಷಯದಲ್ಲಿ ಒಂದೇ ಬಂಡಿಯನ್ನು ಎಳೆದರು. ಬಂಡಿಯ ಹಗ್ಗ ವೀಲರನ ಕೈಯಲ್ಲಿತ್ತು.

ದೇಶಕ್ಕೆಲ್ಲ ಒಂದೇ ಕಾನೂನು ತರಬೇಕಾದರೆ ಮೊದಲು ಹಣದ ಪ್ರಶ್ನೆ ಎದುರಾಗುತ್ತಿತ್ತು. ಕೇಂದ್ರ ಸರ್ಕಾರದ ವರಮಾನದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮದ್ಯದ ತೆರಿಗೆಯಿಂದಲೇ ಬರುತ್ತಿತ್ತು. 1913ರಲ್ಲಿ ಹದಿನಾರನೆಯ ತಿದ್ದುಪಡಿಯ ಮೂಲಕ ಆದಾಯ ತೆರಿಗೆ ಬಂದುದರಿಂದ ಈ ಅಡ್ಡಿ ಸಡಿಲವಾಯಿತು. ಅದೇ ವರ್ಷದ ಡಿಸೆಂಬರ್ 10ರಂದು ಸುಮಾರು 4 ಸಾವಿರ ಮಂದಿ ವಾಷಿಂಗ್ಟನ್ನಿನಲ್ಲಿ ಮೆರವಣಿಗೆ ಹೋಗಿ ಕಾಂಗ್ರೆಸ್ ಭವನದ ಮೆಟ್ಟಿಲಲ್ಲಿ ತಮ್ಮ ಮನವಿಯನ್ನು ಒಪ್ಪಿಸಿದರು. 1914ರ ಡಿಸೆಂಬರ್ 22ರಂದು ಪ್ರತಿನಿಧಿ ಸಭೆಯಲ್ಲಿ ಮೊದಲ ಮತದಾನವಾಯಿತು. ಪರವಾಗಿ 197, ವಿರುದ್ಧ 190. ಬಹುಮತ ಬಂದರೂ ಮೂರರಲ್ಲಿ ಎರಡು ಪಾಲು ಬರಲಿಲ್ಲ. ಸೋತವರು ಯಾರು, ಯಾವ ಕ್ಷೇತ್ರದವರು ವಿರುದ್ಧ ನಿಂತರು ಎಂಬ ಪಟ್ಟಿ ಈಗ ಲೀಗಿನ ಕೈಗೆ ಸಿಕ್ಕಿತ್ತು. 1916ರ ಚುನಾವಣೆಯಲ್ಲಿ ಆ ಪಟ್ಟಿಯನ್ನು ಹಿಡಿದು ಕೆಲಸ ನಡೆಯಿತು. ರಾಷ್ಟ್ರಾಧ್ಯಕ್ಷ ಪದವಿಗೆ ವಿಲ್ಸನ್ನನೋ ಹ್ಯೂಸನೋ ಎಂದು ದೇಶವೆಲ್ಲ ಕಾದು ಕುಳಿತಿದ್ದಾಗ, ವೀಲರನ ಕಡೆಯವರು ಕಾಂಗ್ರೆಸ್ಸಿನಲ್ಲಿ ತಮಗೆ ಬೇಕಾದ ಸಂಖ್ಯೆ ಬಂದಿದೆಯೆಂದು ಆಗಲೇ ತಿಳಿದುಕೊಂಡಿದ್ದರು.

1917ರ ಏಪ್ರಿಲಿನಲ್ಲಿ ಅಮೆರಿಕೆಯು ಜರ್ಮನಿಯ ವಿರುದ್ಧ ಯುದ್ಧಕ್ಕಿಳಿಯಿತು. ಬಿಯರ್ ಉದ್ಯಮದ ದೊಡ್ಡ ಮನೆತನಗಳೆಲ್ಲ ಹೆಚ್ಚಾಗಿ ಜರ್ಮನ್ ಮೂಲದವು. ಧಾನ್ಯವನ್ನು ಮದ್ಯಕ್ಕೆ ಸುರಿಯುವುದು ಸೈನಿಕರ ಅನ್ನವನ್ನು ಕಸಿದಂತೆ ಎಂಬ ಪ್ರಚಾರಕ್ಕೆ ಈಗ ಬಲ ಬಂದಿತು. ಆಹಾರ ನಿಯಂತ್ರಣದ ಮಸೂದೆ ತಡವಾಗಬಾರದೆಂದು ರಾಷ್ಟ್ರಾಧ್ಯಕ್ಷ ವಿಲ್ಸನ್ನನು ಲೀಗಿನ ಶಾಸನ ಸಮಿತಿಗೆ ಪತ್ರ ಬರೆದು, ಬಿಯರ್ ಮತ್ತು ದ್ರಾಕ್ಷಾರಸದ ವಿಷಯವನ್ನು ಸದ್ಯಕ್ಕೆ ಬಿಡಬೇಕೆಂದು ಕೇಳಿಕೊಳ್ಳಬೇಕಾಯಿತು. ದೇಶದ ಮುಖ್ಯಸ್ಥನು ಒಂದು ಖಾಸಗಿ ಸಂಘವನ್ನು ಕೇಳಿಕೊಳ್ಳುವ ಸ್ಥಿತಿ ಬಂದಿತ್ತು! ವೀಲರನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿಯರ್ ತಯಾರಕರ ಹಣದಿಂದ ನಡೆಯುತ್ತಿದ್ದ ಜರ್ಮನ್-ಅಮೆರಿಕನ್ ಒಕ್ಕೂಟದ ಮೇಲೆ ಸೆನೆಟ್ ವಿಚಾರಣೆ ನಡೆಯುವಂತೆ ತೆರೆಯ ಹಿಂದೆ ದುಡಿದನು. 1918ರಲ್ಲಿ ಆ ಒಕ್ಕೂಟದ ಸನ್ನದೇ ರದ್ದಾಯಿತು. ಯುದ್ಧಕಾಲದ ದ್ವೇಷವನ್ನು ಆತನು ತನ್ನ ಕೆಲಸಕ್ಕೆ ಒಗ್ಗಿಸಿಕೊಂಡ ಈ ಭಾಗವನ್ನು ಓದುವಾಗ ಮನಸ್ಸಿಗೆ ಹಿತವಾಗುವುದಿಲ್ಲ.

ತಿದ್ದುಪಡಿಯ ನಿರ್ಣಯವು 1917ರ ಆಗಸ್ಟ್ 1ರಂದು ಸೆನೆಟಿನಲ್ಲಿ 65ಕ್ಕೆ 20 ಮತಗಳಿಂದಲೂ, ಡಿಸೆಂಬರ್ 17ರಂದು ಪ್ರತಿನಿಧಿ ಸಭೆಯಲ್ಲಿ 282ಕ್ಕೆ 128 ಮತಗಳಿಂದಲೂ ಅಂಗೀಕೃತವಾಯಿತು. ಸಂಸ್ಥಾನಗಳು ಏಳು ವರ್ಷದೊಳಗೆ ಒಪ್ಪಬೇಕೆಂಬ ಗಡುವನ್ನು ಹಾಕಲಾಯಿತು. ರಾಜ್ಯಾಂಗದ ತಿದ್ದುಪಡಿಗೆ ಇಂಥ ಗಡುವು ಇದೇ ಮೊದಲು. ವಿರೋಧಿಗಳಿಗೆ ಇದು ದಾಟಲಾಗದ ಕಂದಕವೆಂದು ತೋರಿತ್ತು. ಆದರೆ ಹದಿಮೂರು ತಿಂಗಳುಗಳಲ್ಲಿಯೇ, 1919ರ ಜನವರಿ 16ರಂದು, ಬೇಕಾಗಿದ್ದ ಮೂವತ್ತಾರನೆಯ ಸಂಸ್ಥಾನವಾದ ನೆಬ್ರಾಸ್ಕಾ ಒಪ್ಪಿಗೆ ನೀಡಿತು. ಕಡೆಗೆ 48 ಸಂಸ್ಥಾನಗಳಲ್ಲಿ 46 ಒಪ್ಪಿದವು. ಇದೇ ಹದಿನೆಂಟನೆಯ ತಿದ್ದುಪಡಿ. ಅದನ್ನು ಜಾರಿಗೊಳಿಸುವ ಕಾನೂನು ಮಿನೆಸೋಟಾದ ಸದಸ್ಯ ಆಂಡ್ರೂ ವೋಲ್‌ಸ್ಟೆಡ್ಡನ ಹೆಸರನ್ನು ಹೊತ್ತಿತು. ಅದರ ಕರಡು ತನ್ನದೆಂದು ವೀಲರನು ಹೇಳಿಕೊಳ್ಳುತ್ತಿದ್ದನು. ವಿಲ್ಸನ್ನನು ಅದನ್ನು ತಿರಸ್ಕರಿಸಿದರೂ ಕಾಂಗ್ರೆಸ್ಸು 1919ರ ಅಕ್ಟೋಬರ್ 28ರ ಹೊತ್ತಿಗೆ ಅವನ ತಿರಸ್ಕಾರವನ್ನು ಮೀರಿ ಕಾನೂನು ಮಾಡಿತು. ನೂರಕ್ಕೆ ಅರ್ಧಪಾಲಿಗಿಂತ ಹೆಚ್ಚು ಆಲ್ಕೊಹಾಲು ಇರುವುದೆಲ್ಲ ಮದ್ಯವೆಂದಾಯಿತು. ಬಿಯರನ್ನಾದರೂ ಬಿಟ್ಟಾರೆಂದು ನಂಬಿದ್ದವರಿಗೆ ಇದು ಅನಿರೀಕ್ಷಿತ. ಹಾಗಿದ್ದರೂ ಕುಡಿಯುವುದು ಅಪರಾಧವಾಗಲಿಲ್ಲ. ತಯಾರಿಕೆ, ಸಾಗಣೆ, ಮಾರಾಟ ಮಾತ್ರ ಅಪರಾಧ. ಔಷಧಿಗೆ, ಚರ್ಚಿನ ಪೂಜೆಗೆ, ರೈತರ ಮನೆಯ ಹಣ್ಣಿನ ರಸಕ್ಕೆ ವಿನಾಯಿತಿಗಳಿದ್ದವು. ಯಾವ ಗುಂಪಿನ ಬೆಂಬಲ ಬೇಕಿತ್ತೋ ಆ ಗುಂಪಿಗೆ ಒಂದೊಂದು ಕಿಟಕಿಯನ್ನು ತೆರೆದಿಡಲಾಗಿತ್ತು.

1920ರ ಜನವರಿ 17ರಂದು ಪಾನನಿರೋಧ ಜಾರಿಗೆ ಬಂದಿತು. ಮುಂದಿನ ಏಳು ವರ್ಷಗಳು ವೀಲರನ ಪ್ರಭಾವದ ಶಿಖರ. ಪತನದ ಬೀಜಗಳೂ ಅಲ್ಲಿಯೇ ಇವೆ. ಪಾನನಿರೋಧದ ಅಧಿಕಾರಿಗಳ ನೇಮಕವು ನಾಗರಿಕ ಸೇವಾ ಪರೀಕ್ಷೆಯ ನಿಯಮಕ್ಕೆ ಒಳಪಡದಂತೆ ಕಾನೂನಿನಲ್ಲಿಯೇ ಏರ್ಪಾಡಾಗಿತ್ತು. ಹೀಗಾಗಿ ಕೆಲಸಗಳು ಶಾಸಕರು ಹಂಚುವ ಪ್ರಸಾದಗಳಾದವು. ಹಂಚಿಕೆಯಲ್ಲಿ ವೀಲರನ ಮಾತು ನಡೆಯುತ್ತಿತ್ತು. 1921ರಿಂದ 1927ರವರೆಗೆ ಪಾನನಿರೋಧ ಕಮಿಷನರಾಗಿದ್ದ ರಾಯ್ ಹೇನ್ಸ್ ಒಹಾಯೋದವನು, ವೀಲರನ ಬೆಂಬಲದಿಂದ ಬಂದವನು. ಇಡೀ ದೇಶಕ್ಕೆ ಮೊದಲಲ್ಲಿ ಇದ್ದ ಕೇಂದ್ರ ಅಧಿಕಾರಿಗಳು ಸುಮಾರು 1,500 ಮಂದಿ. ಸಂಬಳ ಅಲ್ಪ, ಆಮಿಷ ಅಪಾರ. ಲಂಚ ಹಬ್ಬಿತು. ನಗರಗಳಲ್ಲಿ ಕಳ್ಳ ಪಾನಗೃಹಗಳು ಎದ್ದವು. ಷಿಕಾಗೋದಲ್ಲಿ ಅಲ್ ಕಪೋನನಂಥ ಪಾತಕಿಗಳು ಕಳ್ಳ ಮದ್ಯದಿಂದ ಸಾಮ್ರಾಜ್ಯ ಕಟ್ಟಿದರು. ಕುಡಿತವು ಒಟ್ಟಿನಲ್ಲಿ ಕಡಮೆಯಾಯಿತೆಂಬುದನ್ನು ಇತಿಹಾಸಕಾರರು ಒಪ್ಪುತ್ತಾರೆ. ಆದರೆ ಕಾನೂನಿನ ಮೇಲಿನ ಗೌರವವೂ ಅದರೊಡನೆ ಕಡಮೆಯಾಯಿತು. ಹೆಚ್ಚು ಹಣವನ್ನು ಕೇಳಿದರೆ ಜನ ಕಾನೂನನ್ನು ಬೆಂಬಲಿಸುತ್ತಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು. ಆದುದರಿಂದ ಲೀಗು ಅದನ್ನು ಜೋರಾಗಿ ಕೇಳಲೂ ಇಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ರಾಜ್ಯಶಾಸ್ತ್ರದ ಮಿತ್ರರು ಗಮನಿಸಬೇಕು. ಅಮೆರಿಕೆಯಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಬಳಿಕ ಪ್ರತಿನಿಧಿ ಸಭೆಯ ಸ್ಥಾನಗಳನ್ನು ಮತ್ತೆ ಹಂಚಬೇಕು. 1920ರ ಗಣತಿಯಲ್ಲಿ ಮೊದಲ ಬಾರಿಗೆ ನಗರವಾಸಿಗಳ ಸಂಖ್ಯೆ ಹಳ್ಳಿಗರ ಸಂಖ್ಯೆಯನ್ನು ಮೀರಿತು. ಸರಿಯಾಗಿ ಹಂಚಿದ್ದರೆ ಪಾನನಿರೋಧವನ್ನು ವಿರೋಧಿಸುವ ನಗರಗಳ ಬಲ ಹೆಚ್ಚುತ್ತಿತ್ತು. ಹಳ್ಳಿಗಾಡಿನ ಸದಸ್ಯರು, ಪಾನನಿರೋಧವಾದಿಗಳು ಅಡ್ಡ ನಿಂತುದರಿಂದ ಆ ದಶಕದಲ್ಲಿ ಹಂಚಿಕೆ ನಡೆಯಲೇ ಇಲ್ಲ. ಅದಕ್ಕೆ ಕಾನೂನಾದುದು 1929ರಲ್ಲಿ. ಒಂದು ಒಳ್ಳೆಯ ಉದ್ದೇಶವನ್ನು ಕಾಪಾಡುವ ಸಲುವಾಗಿ ಪ್ರಾತಿನಿಧ್ಯದ ನ್ಯಾಯವನ್ನೇ ಹತ್ತು ವರ್ಷ ತಡೆಹಿಡಿಯಲಾಯಿತು.

ಲೀಗಿನ ಒಳಗೂ ಭಿನ್ನಾಭಿಪ್ರಾಯ ಹುಟ್ಟಿತು. ಅದರ ಪ್ರಕಟಣೆಗಳ ಮುಖ್ಯಸ್ಥನಾದ ಅರ್ನೆಸ್ಟ್ ಚೆರಿಂಗ್ಟನ್ ಎಂಬುವನು, ಇನ್ನು ಮುಂದೆ ಜನರಿಗೆ ತಿಳುವಳಿಕೆ ಕೊಡುವುದೇ ಮುಖ್ಯವೆಂದು ವಾದಿಸಿದನು. ಕಾನೂನು ಬಿಗಿಯಾಗಿ ನಡೆದರೆ ಜನ ತಾವಾಗಿಯೇ ಒಗ್ಗುತ್ತಾರೆಂಬುದು ವೀಲರನ ನಿಲುವು. ಶಿಕ್ಷಣವೋ ಶಿಕ್ಷೆಯೋ ಎಂಬ ಈ ಜಗಳದಲ್ಲಿ ವೀಲರನ ಕೈಯೇ ಮೇಲಾಯಿತು. 1926ರಲ್ಲಿ ಸೆನೆಟರ್ ಜೇಮ್ಸ್ ರೀಡನ ಸಮಿತಿಯು ಚುನಾವಣೆಯ ಖರ್ಚುಗಳನ್ನು ವಿಚಾರಿಸುತ್ತ ಲೀಗಿನ ಹಣದ ಲೆಕ್ಕವನ್ನೂ ಕೆದಕಿತು. ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ದುರಂತ ನಡೆಯಿತು. ಕಾರ್ಖಾನೆಗಳಿಗೆಂದು ತಯಾರಾಗುವ ಆಲ್ಕೊಹಾಲನ್ನು ಯಾರೂ ಕುಡಿಯದಿರಲೆಂದು ಸರ್ಕಾರವೇ ಅದರಲ್ಲಿ ವಿಷವನ್ನು ಬೆರೆಸುತ್ತಿತ್ತು. ಕಳ್ಳ ಮದ್ಯದ ರೂಪದಲ್ಲಿ ಅದನ್ನು ಕುಡಿದು ಕ್ರಿಸ್‌ಮಸ್ಸಿನ ಸಮಯದಲ್ಲಿ ನ್ಯೂಯಾರ್ಕಿನಲ್ಲಿ ಹಲವರು ಸತ್ತರು. ವಿಷವನ್ನು ಬಿಡಬೇಕೆಂಬ ಕೂಗು ಎದ್ದಾಗ ವೀಲರನು ಒಪ್ಪಲಿಲ್ಲ. ಕಾನೂನು ನಿಷೇಧಿಸಿದುದನ್ನು ಕುಡಿದವನು ತನ್ನ ಸಾವನ್ನು ತಾನೇ ತಂದುಕೊಂಡವನೆಂಬುದು ಆತನ ವಾದವಾಗಿತ್ತು. ಕುಡುಕನ ಹೆಂಡತಿ ಮಕ್ಕಳ ಕಣ್ಣೀರಿನಿಂದ ಆರಂಭವಾದ ಚಳವಳಿಯು ಕುಡುಕನ ಹೆಣದ ಮುಂದೆ ಕರಗದೆ ನಿಂತುದನ್ನು ಕಂಡು ಬೆಂಬಲಿಗರೂ ಬೆಚ್ಚಿದರು.

ಆತನ ಕೊನೆಯ ದಿನಗಳು ಅತ್ಯಂತ ಕರುಣಾಜನಕ. ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟಿತ್ತು. 1927ರ ಆಗಸ್ಟಿನಲ್ಲಿ ವಿಶ್ರಾಂತಿಗೆಂದು ಮಿಷಿಗನ್ನಿನ ಬೇಸಿಗೆಯ ಮನೆಯಲ್ಲಿದ್ದಾಗ, ಅಡಿಗೆಮನೆಯ ಒಲೆ ಸಿಡಿದು ಹೆಂಡತಿ ಎಲ್ಲಾ ಬೆಂಕಿಗೆ ತುತ್ತಾದಳು. ಅದನ್ನು ಕಂಡ ಆಕೆಯ ತಂದೆಯು ಹೃದಯಾಘಾತದಿಂದ ಅಲ್ಲಿಯೇ ಸತ್ತನು. ಮೂರು ವಾರಗಳ ಬಳಿಕ, ಸೆಪ್ಟೆಂಬರ್ 5ರಂದು, ವೀಲರನೂ ತೀರಿಕೊಂಡನು. ಆಗ ಆತನಿಗೆ 57 ವರ್ಷ. ಮರುವರ್ಷ ಪೀಟರ್ ಓಡೆಗಾರ್ಡ್ ಎಂಬ ವಿದ್ವಾಂಸನು ಲೀಗಿನ ಕಥೆಯನ್ನು ಒತ್ತಡದ ರಾಜಕೀಯ ಎಂಬ ಅರ್ಥದ ಹೆಸರಿನಲ್ಲಿಯೇ ಗ್ರಂಥವಾಗಿ ಬರೆದನು. ನಮ್ಮ ಪಠ್ಯದ ಒಂದು ಪಾರಿಭಾಷಿಕ ಶಬ್ದವು ಹೀಗೆ ಒಬ್ಬ ಮನುಷ್ಯನ ನೆರಳಿನಲ್ಲಿ ಬೆಳೆಯಿತು.

ಆತನ ಕಾನೂನು ಆತನ ನಂತರ ಆರು ವರ್ಷ ಮಾತ್ರ ಬಾಳಿತು. ಅದನ್ನು ಕೆಡವಿದವರೂ ಒತ್ತಡದ ಗುಂಪುಗಳೇ! ಡ್ಯೂಪಾಂಟ್ ಮನೆತನದಂಥ ಸಿರಿವಂತರ ಹಣದಿಂದ ಬೆಳೆದ ಪಾನನಿರೋಧ ತಿದ್ದುಪಡಿ ವಿರೋಧಿ ಸಂಘ ಒಂದು. 1929ರಲ್ಲಿ ಪಾಲಿನ್ ಸೇಬಿನ್ ಎಂಬ ಮಹಿಳೆ ಕಟ್ಟಿದ ಸ್ತ್ರೀಯರ ಸಂಘ ಇನ್ನೊಂದು. ಪಕ್ಷವನ್ನು ನೋಡದೆ, ಒಂದೇ ಪ್ರಶ್ನೆಯನ್ನು ಕೇಳಿ, ಅದರ ಉತ್ತರದ ಮೇಲೆ ಮತ ಹಾಕಿಸುವ ವಿದ್ಯೆಯನ್ನು ಅವರು ಎಲ್ಲಿ ಕಲಿತರೆಂದು ಹೇಳಬೇಕಾಗಿಲ್ಲ. 1929ರ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಮದ್ಯದ ತೆರಿಗೆಯ ಆಸೆಯೂ ಸರ್ಕಾರಕ್ಕೆ ಮರಳಿತು. 1933ರ ಫೆಬ್ರವರಿಯಲ್ಲಿ ರದ್ದತಿಯ ತಿದ್ದುಪಡಿಯನ್ನು ಕಳುಹಿಸುವಾಗ ಕಾಂಗ್ರೆಸ್ಸು, ಸಂಸ್ಥಾನಗಳ ಶಾಸನಸಭೆಗಳಿಗೆ ಬದಲಾಗಿ, ಇದಕ್ಕೆಂದೇ ಜನರಿಂದ ಚುನಾಯಿತವಾದ ಸಮ್ಮೇಳನಗಳು ಒಪ್ಪಬೇಕೆಂದು ವಿಧಿಸಿತು. ಅಮೆರಿಕೆಯ ಇತಿಹಾಸದಲ್ಲಿ ಈ ಮಾರ್ಗವನ್ನು ಬಳಸಿದುದು ಇದೊಂದೇ ಬಾರಿ. ಕಾರಣ ಸ್ಪಷ್ಟ: ಶಾಸಕರು ಇನ್ನೂ ಲೀಗಿಗೆ ಹೆದರುತ್ತಿದ್ದರು. ಡಿಸೆಂಬರ್ 5ರಂದು ಇಪ್ಪತ್ತೊಂದನೆಯ ತಿದ್ದುಪಡಿ ಊರ್ಜಿತವಾಯಿತು.

ಈ ಜೀವನದಿಂದ ನಾವು ತಿಳಿಯಬೇಕಾದುದೇನು? 1787ರಲ್ಲಿಯೇ ಜೇಮ್ಸ್ ಮ್ಯಾಡಿಸನ್ನನು ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಈ ಸಮಸ್ಯೆಯನ್ನು ವಿಚಾರಿಸಿದ್ದನು. ಸ್ವಾತಂತ್ರ್ಯವಿರುವೆಡೆ ಗುಂಪುಗಳು ಹುಟ್ಟಿಯೇ ತೀರುತ್ತವೆ. ಅವುಗಳನ್ನು ಅಳಿಸಬೇಕಾದರೆ ಸ್ವಾತಂತ್ರ್ಯವನ್ನೇ ಅಳಿಸಬೇಕಾಗುತ್ತದೆ. ಸಣ್ಣ ಗುಂಪಿನಿಂದ ಭಯವಿಲ್ಲ, ಬಹುಮತವು ಅದನ್ನು ಮತದಿಂದ ಸೋಲಿಸುತ್ತದೆ ಎಂಬುದು ಆತನ ಸಮಾಧಾನವಾಗಿತ್ತು. ಆ ಸಮಾಧಾನದಲ್ಲಿದ್ದ ಬಿರುಕನ್ನು ವೀಲರನು ಕಂಡುಹಿಡಿದನು. ಬಹುಮತವು ನೂರು ವಿಷಯಗಳಲ್ಲಿ ಹರಡಿಹೋಗಿರುತ್ತದೆ. ಸಣ್ಣ ಗುಂಪು ಒಂದೇ ವಿಷಯದಲ್ಲಿ ಒಟ್ಟಾಗಿರುತ್ತದೆ. ಸರ್ಕಾರಕ್ಕೆ ಮನವಿ ಸಲ್ಲಿಸುವ ಹಕ್ಕನ್ನು ಅಲ್ಲಿನ ರಾಜ್ಯಾಂಗದ ಮೊದಲ ತಿದ್ದುಪಡಿಯೇ ಕೊಟ್ಟಿದೆ. ಆದುದರಿಂದ ಲಾಬಿಯನ್ನು ನಿಷೇಧಿಸಲಾಗದು. 1946ರ ಮತ್ತು 1995ರ ಕಾನೂನುಗಳು ಲಾಬಿಗಾರರು ತಮ್ಮ ಹೆಸರನ್ನೂ ಲೆಕ್ಕವನ್ನೂ ಬಹಿರಂಗಪಡಿಸಬೇಕೆಂದು ಮಾತ್ರ ವಿಧಿಸಿದವು. 2023ರಲ್ಲಿ ವಾಷಿಂಗ್ಟನ್ನಿನ ಲಾಬಿಗೆ ಖರ್ಚಾದ ಹಣ 400 ಕೋಟಿ ಡಾಲರುಗಳಿಗೂ ಹೆಚ್ಚು. ಔಷಧಿ ತಯಾರಕರು, ವಿಮಾ ಕಂಪನಿಗಳು, ವರ್ತಕರು, ಬಂದೂಕು ಇಟ್ಟುಕೊಳ್ಳುವವರು, ನಿವೃತ್ತರು, ಎಲ್ಲರಿಗೂ ಅಲ್ಲಿ ಸಂಘಗಳಿವೆ. ಹಣದ ಮೊತ್ತವನ್ನು ಕಂಡು ಬೆರಗಾಗುವ ನಾವು, ಹಣಕ್ಕಿಂತ ಬಲವಾದುದು ಒಟ್ಟಾಗಿ ಬೀಳುವ ಮತ ಎಂಬುದನ್ನು ವೀಲರನಿಂದ ಕಲಿಯಬೇಕು.

ಪಾನನಿರೋಧದ ಪ್ರಶ್ನೆ ನಮಗೂ ಹೊಸದಲ್ಲ. ನಮ್ಮ ಸಂವಿಧಾನದ 47ನೆಯ ಅನುಚ್ಛೇದವು ಅದನ್ನು ರಾಜ್ಯನೀತಿಯ ಗುರಿಯನ್ನಾಗಿ ಇರಿಸಿದೆ; ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ಮಾರಾಟ ನಿಂತಿತು. ಕುಡಿತದಿಂದ ಬರಿದಾದ ಮನೆಗಳನ್ನು ಹಳ್ಳಿಯಿಂದ ಬಂದ ನಮ್ಮಂಥವರು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ. ಆದುದರಿಂದ ವೀಲರನ ಉದ್ದೇಶವನ್ನು ನಗುವ ಮನಸ್ಸು ನನಗಿಲ್ಲ. ಆತನು ಶಾಸಕರನ್ನು ಗೆದ್ದನು. ಜನರನ್ನು ಒಪ್ಪಿಸುವ ಕೆಲಸವನ್ನು ಮುಗಿಯಿತೆಂದು ಬಿಟ್ಟನು. ಹೆದರಿ ಕೊಟ್ಟ ಮತದ ಮೇಲೆ ನಿಂತ ಕಾನೂನು ಆ ಹೆದರಿಕೆ ಇರುವವರೆಗೆ ಮಾತ್ರ ನಿಲ್ಲುತ್ತದೆ.

ಕೊನೆಯದಾಗಿ ಒಂದು ಮಾತು. ಆ 8 ಮಂದಿಯನ್ನು ದೂಷಿಸುವುದು ಸುಲಭ. ಅವರು ಸಭೆಗೆ ಬಂದರು, ವಂತಿಗೆ ಕೊಟ್ಟರು, ಪತ್ರ ಬರೆದರು, ತಪ್ಪದೆ ಮತ ಹಾಕಿದರು. ಉಳಿದ 92 ಮಂದಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಪದವಿಯನ್ನು ಪಡೆದು ಹೊರಗೆ ಹೋಗುವ ನಾವು ನಾಳೆ ಆ 92ರಲ್ಲಿ ಸೇರುವವರು. ನಮ್ಮ ಊರಿನ ಶಾಲೆ, ನೀರು, ರಸ್ತೆಗಳ ವಿಷಯದಲ್ಲಿ ಯಾರು ಯಾರ ಬಾಗಿಲಿಗೆ ಹೋಗಿ ಏನನ್ನು ಕೇಳುತ್ತಿದ್ದಾರೆಂದು ತಿಳಿದುಕೊಳ್ಳುವಷ್ಟು ಎಚ್ಚರ ನಮ್ಮಲ್ಲಿದ್ದರೆ, ನಾವು ಓದಿದ ರಾಜ್ಯಶಾಸ್ತ್ರ ಸಾರ್ಥಕವಾದೀತು.